ಇಲಿಯ ಪ್ರಾಯ ವಾಸನೆಯ ಕೈಯಲ್ಲಿ

ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಒಡ್ಡಿನುದ್ದಕ್ಕೂ ಇಲಿಬಿಲ. ಇಷ್ಟು ಬೇಗ ಇಷ್ಟೊಂದು ಸಂತತಿ ಹೇಗೆ? ಮೇವು ಹೇರಳ, ಅದು ಮೊದಲ ಕಾರಣ. ನಿಜವಾದ ಬೆರಗು ಇರುವುದು ವಾಸನೆಯಲ್ಲಿ.

1960ರ ದಶಕದಲ್ಲಿ ಅಮೆರಿಕದ ಜಾನ್ ವಾಂಡನ್‌ಬರ್ಗ್ ಪ್ರಯೋಗಾಲಯದ ಚಿಕ್ಕ ಇಲಿಗಳಲ್ಲಿ ಕಂಡದ್ದು: ಬೆಳೆದ ಗಂಡಿನ ಮೂತ್ರದ ವಾಸನೆ ತಾಗಿದ ಎಳೆಯ ಹೆಣ್ಣು ಬೇಗ ಪ್ರಾಯಕ್ಕೆ ಬರುತ್ತದೆ. ಗಂಡು ಎದುರಿಗೇ ಇರಬೇಕಿಲ್ಲ, ಅದು ಮಲಗೆದ್ದ ಹಾಸು ಸಾಕು. ಬೀಜ ತೆಗೆದ ಗಂಡಿನ ಮೂತ್ರಕ್ಕೆ ಆ ಶಕ್ತಿಯಿಲ್ಲ.

ಇಲಿ ಮೂತಿ ಒತ್ತಿ ಮೂಸಿದಾಗ ಮೂತ್ರದ ರಾಸಾಯನಿಕ ಮೂಗಿನ ತಳದ ಪುಟ್ಟ ಅಂಗಕ್ಕೆ ಸೇರುತ್ತದೆ. ಸುದ್ದಿ ಮಿದುಳಿನ ಹೈಪೊಥಲಾಮಸ್‌ಗೆ ಮುಟ್ಟುತ್ತದೆ. ಅಲ್ಲಿಂದ ಹಾರ್ಮೋನು ಇಳಿದು ಪಿಟ್ಯುಟರಿ ಎಚ್ಚರಗೊಳ್ಳುತ್ತದೆ, ಅಂಡಾಶಯ ಬಲಿಯುತ್ತದೆ.

ತದ್ವಿರುದ್ಧವೂ ಉಂಟು. ಕಿಕ್ಕಿರಿದ ಹೆಣ್ಣುಗಳ ಮೂತ್ರ ಪ್ರಾಯವನ್ನು ತಡಮಾಡುತ್ತದೆ. ಆಗಷ್ಟೇ ಕೂಡಿದ ಹೆಣ್ಣಿಗೆ ಪರಗಂಡು ಎದುರಾದರೆ ಗರ್ಭ ನಿಲ್ಲದೇ ಹೋಗಬಹುದೆಂದು 1959ರಲ್ಲೇ ಹಿಲ್ಡಾ ಬ್ರೂಸ್ ತೋರಿಸಿದ್ದರು. ಮಿದುಳಿನ ಡೋಪಮಿನ್ ಏರಿ ಪ್ರೊಲ್ಯಾಕ್ಟಿನ್ ಕುಸಿಯುವುದೇ ಕಾರಣ.

ಹೊಲದ ಇಲಿ, ಹೆಗ್ಗಣ ಬೇರೆ ಜಾತಿ, ಈ ಲೆಕ್ಕ ಅವಕ್ಕೆ ನೇರ ಹಾಕಬಾರದು. ಆದರೆ ಒಬ್ಬರ ಹೊಲದಲ್ಲಿ ಇಲಿ ಖಾಲಿಯಾದರೆ ಪಕ್ಕದ ಹೊಲದವು ಬಂದು ತುಂಬುವುದು ಖಚಿತ. ಒಡ್ಡಿನ ಆಚೆ ಈಚೆಯವರು ಒಂದೇ ವಾರದಲ್ಲಿ, ಕೂಡಿಯೇ ಹತೋಟಿಗೆ ಇಳಿಯಿರಿ.