ಮೆಡಿಕಲ್ ಅಂಗಡಿಗೊಂದು ಚಿತ್ರಫಲಕ

ಲಕ್ವ ಹೊಡೆದು ಚೇತರಿಸಿಕೊಂಡ ಹಿರಿಯರೊಬ್ಬರು ನಿಮ್ಮ ಮೆಡಿಕಲ್ ಅಂಗಡಿಗೆ ಬರುತ್ತಾರೆ. ಯಾವ ಮಾತ್ರೆ ಬೇಕೆಂದು ಅವರಿಗೆ ಗೊತ್ತು, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಮಿದುಳಿನಲ್ಲಿ ಭಾಷೆಯನ್ನು ನೋಡಿಕೊಳ್ಳುವ ಭಾಗಕ್ಕೆ ಪೆಟ್ಟಾಗಿ ಮಾತು, ಕೆಲವರಿಗೆ ಓದು ಬರಹವೂ ಕಷ್ಟವಾಗುವ ಸ್ಥಿತಿ ಇದು. ಬುದ್ಧಿ ಮಂಕಾಗಿದೆ ಎಂದು ತಿಳಿಯಬೇಡಿ. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ, ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ಕೌಂಟರಿನ ಮುಂದೆ ಇಂಥದೇ ಕಷ್ಟ.

ಇವರಿಗೆ ನೆರವಾಗುವುದು ಕಮ್ಯುನಿಕೇಶನ್ ಬೋರ್ಡ್, ಅಂದರೆ ಬೆರಳಿಟ್ಟು ತೋರಿಸುವ ಚಿತ್ರಫಲಕ. ಒಂದು ಎ4 ಹಾಳೆ ಸಾಕು. ಮೇಲ್ಸಾಲಿನಲ್ಲಿ 'ಹೌದು', 'ಇಲ್ಲ', 'ಇನ್ನೊಮ್ಮೆ ಹೇಳಿ', 'ಇದಲ್ಲ, ಬೇರೆ'. ಕೆಳಗೆ ಮಾತ್ರೆ, ಸಿರಪ್, ಮುಲಾಮಿನ ಚಿತ್ರಗಳು, ನೋವೆಲ್ಲಿ ಎಂದು ತೋರಿಸಲು ದೇಹದ ರೇಖಾಚಿತ್ರ, ಅಂಕಿಗಳು. ಪ್ರತಿ ಚಿತ್ರದಡಿ ದಪ್ಪಕ್ಷರದಲ್ಲಿ ಕನ್ನಡ ಪದ. 'ಇದಲ್ಲ, ಬೇರೆ' ಬಿಡಬೇಡಿ. ಅದಿಲ್ಲದಿದ್ದರೆ ಹಾಳೆಯಲ್ಲಿಲ್ಲದ್ದನ್ನು ಕೇಳಲು ಅವರಿಗೆ ದಾರಿಯೇ ಇರುವುದಿಲ್ಲ.

ಫಲಕಕ್ಕಿಂತ ಮುಖ್ಯ, ಅದನ್ನು ಹಿಡಿದ ನೀವು. ಜೊತೆಗೆ ಬಂದವರನ್ನಲ್ಲ, ಗಿರಾಕಿಯನ್ನೇ ನೋಡಿ ಮಾತಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. "ಬಿಪಿ ಮಾತ್ರೆಯಾ?" ಎಂದು ಕೇಳಿ, ಕಾಯಿರಿ. ನಡುವೆ ಇನ್ನೊಂದು ಪ್ರಶ್ನೆ ಹಾಕಿದರೆ ಪದ ಹುಡುಕುತ್ತಿದ್ದವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಉಗ್ಗುವವರ ಮಾತನ್ನು ನೀವು ಮುಗಿಸಿಕೊಡಬೇಡಿ. ಅಫೇಸಿಯಾದಲ್ಲಿ ಹೌದು, ಇಲ್ಲ ಅದಲುಬದಲಾಗುವುದೂ ಉಂಟು. ಹಾಗಾಗಿ ಅರ್ಥವಾಗದೆ ತಲೆಯಾಡಿಸಿ ಔಷಧಿ ಕೊಡುವುದು ಅಪಾಯ. ಡಾಕ್ಟರ ಚೀಟಿ, ಖಾಲಿ ಸ್ಟ್ರಿಪ್ ತೋರಿಸಲು ಹೇಳಿ, ಹೆಸರು ತಾಳೆ ನೋಡಿ.

ಸಂಜೆಯ ರಶ್ಶಿನಲ್ಲಿ ಇದೆಲ್ಲ ಆಗುತ್ತದೆಯೇ? ಆಗುತ್ತದೆ. ಬದಿಯಲ್ಲೊಂದು ಕುರ್ಚಿ ಹಾಕಿ ಕೂರಿಸಿ, ಟಿವಿಯ ದನಿ ತಗ್ಗಿಸಿ. ಹಿಂದೆ ನಿಂತವರಿಗೆ "ಸ್ವಲ್ಪ ತಡೀರಿ" ಎನ್ನುವ ಹೊಣೆ ನಿಮ್ಮದು, ಆ ಗಿರಾಕಿಯದಲ್ಲ.

ಖರ್ಚು? ಮೊಬೈಲಿನಲ್ಲೇ ಫೋಟೋ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್, ಲ್ಯಾಮಿನೇಶನ್ ಮಾಡಿಸಿದರೆ ಸಾಮಾನ್ಯವಾಗಿ 100 ರೂಪಾಯಿಯೊಳಗೆ ಮುಗಿಯುತ್ತದೆ. ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್‌ಗಳೂ ಇವೆ. ಐಐಟಿ ಬಾಂಬೆಯಲ್ಲಿ ರೂಪುಗೊಂಡ ಜೆಲ್ಲೋ ಉಚಿತ. ಸಲಹೆ ಬೇಕಿದ್ದರೆ ಹತ್ತಿರದ ಸ್ಪೀಚ್ ಥೆರಪಿಸ್ಟ್, ಅಂದರೆ ವಾಕ್ ಚಿಕಿತ್ಸಕರನ್ನು ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ.

ಇದು ಬರೀ ಉಪಕಾರವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಫೇಸಿಯಾದಿಂದ ಉಳಿಯುವ ಶಾಶ್ವತ ಮಾತಿನ ತೊಂದರೆಯನ್ನು ವೈಕಲ್ಯವೆಂದು ಗುರುತಿಸುತ್ತದೆ. ಎಲ್ಲರಿಗೂ ಎಟುಕುವಂತೆ ಸೇವೆ ಕೊಡುವ ಜವಾಬ್ದಾರಿಯನ್ನು ಖಾಸಗಿಯವರ ಮೇಲೂ ಹೊರಿಸುತ್ತದೆ.

ಫಲಕವನ್ನು ಡ್ರಾಯರಿನಲ್ಲಿಡದೆ ಗಿರಾಕಿಯ ಕಣ್ಣಿಗೆ ಬೀಳುವಲ್ಲಿ ನೇತುಹಾಕಿ. ಯಾರಾದರೂ 'ಇದಲ್ಲ, ಬೇರೆ' ಮುಟ್ಟಿದಾಗ ಅವರಿಗೆ ಬೇಕಿದ್ದದ್ದು ಏನೆಂದು ಬರೆದಿಟ್ಟುಕೊಳ್ಳಿ, ಮುಂದಿನ ಪ್ರಿಂಟಿಗೆ ಆ ಚಿತ್ರ ಸೇರಿಸಿ.