ಗಾಡಿತಳದ ಕಾನಡಿ

ಪುಣೆಯ ಹಡಪಸರದ ಗಾಡಿತಳದಲ್ಲಿ ಬೆಳಗಿನ ಏಳೂವರೆಗೆ ನಿಂತರೆ, ಸೋಲಾಪುರ ರಸ್ತೆಯ ಹಾರ್ನ್‌ಗಳ ನಡುವೆಯೂ ನಮ್ಮ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಕಟ್ಟಡ ಕೂಲಿಗಾಗಿ ಕಾದು ಕೂತವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಮುಖಗಳು. ಶಹಾಪುರ ಕಡೆಯ ಅಕ್ಕ ಒಬ್ಬಾಕೆ ಬುತ್ತಿಗಂಟು ಬಿಚ್ಚಿ ತೋರಿಸಿದಳು: ಜೋಳದ ರೊಟ್ಟಿ, ಶೇಂಗಾ ಹಿಂಡಿ. "ಇಲ್ಲಿ ಇದಕ್ಕ ಭಾಕರಿ ಅನಬೇಕ್ರಿ ಅಣ್ಣಾರ. ರೊಟ್ಟಿ ಅಂದ್ರ ಮಾರಿ ನೋಡ್ತಾರ."

ಟೆಂಪೋ ಬಂತು. ಕೂಲಿಯಾಳು ಆರಿಸುವ ಮುಕಾದಮ ಬೆರಳು ಮಾಡಿ ನಾಲ್ವರನ್ನು ಹತ್ತಿಸಿಕೊಂಡ. ಈಕೆ ಎದ್ದಾಗ, "ಏ ಕಾನಡಿ, ಥಾಂಬ್" ಎಂದ. ಮತ್ತೆ ಕೂತಳು. ಭಾಷೆಗೇ ಬಿಟ್ಟನೇ ಎಂದು ಕೇಳಿದೆ.

"ಅದs ಗೊತ್ತಾಗಂಗಿಲ್ರಿ. ಮಾತಿಗೆ ಬಿಟ್ಟನೋ, ವಯಸ್ಸಿಗೆ ಬಿಟ್ಟನೋ. ರಾತ್ರಿ ಮಲಗಿದ್ರೂ ತಲಿಯೊಳಗ ಅದs ತಿರಗತದ."

ಅಂದಿನಿಂದ ನನ್ನ ತಲೆಯಲ್ಲೂ ಆ ಮಾತೇ. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ಕರ್ನಾಟಕ-ಮಹಾರಾಷ್ಟ್ರ ಗಡಿ ಗದ್ದಲ ಎಲ್ಲ ಓದುಗರು ಬಲ್ಲದ್ದೇ. 2022ರ ಡಿಸೆಂಬರಿನಲ್ಲಿ ಬೆಳಗಾವಿ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಿತ್ತು. ಅಂಥ ದಿನ ಪತ್ರಿಕೆಗೆ ಸುದ್ದಿಯಾಗುತ್ತದೆ. ಟೆಂಪೋ ಬಿಟ್ಟುಹೋದ ಬೆಳಗಿಗೆ ಸಾಕ್ಷಿಯೂ ಇಲ್ಲ.

ಇನ್ನು ಆ 'ಕಾನಡಿ', ಕನ್ನಡದವಳು, ಎಂಬ ಪದ. ಇದರ ಬೆನ್ನು ಹತ್ತಿದರೆ ನನಗೆ ನಿಲ್ಲಲಾಗುವುದಿಲ್ಲ. ಹದಿಮೂರನೆಯ ಶತಮಾನದ ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನೇ 'ಕಾನಡಾ' ಎಂದು ಕರೆದರು. ಹೊಯ್ಸಳ ಸೋಮೇಶ್ವರ ಆ ದೇವರಿಗೆ ಊರು ದತ್ತಿ ಬಿಟ್ಟ 1237ರ ಶಾಸನ ಪಂಢರಪುರದ ಗುಡಿಯಲ್ಲೇ ಇದೆ. ಪುಣೆಯ ಸಂಶೋಧಕ ರಾ. ಚಿಂ. ಢೇರೆ ವಿಠ್ಠಲನ ಕನ್ನಡ ನೆಲದ ಬೇರುಗಳನ್ನು ಜಾಲಾಡಿ ಬರೆದ ಗ್ರಂಥಕ್ಕೆ 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಷಾಢಿಗೆ ಆ ಪಂಢರಪುರಕ್ಕೆ ನಡೆಯುವ ಜ್ಞಾನೇಶ್ವರ, ತುಕಾರಾಮ ಪಾಲಖಿಗಳು ಪುಣೆಯಿಂದ ಒಂದೇ ದಿನ ಹೊರಟು, ಇದೇ ಹಡಪಸರದಲ್ಲಿ ಬೇರೆಯಾಗುತ್ತವೆ: ಒಂದು ದಿವೆ ಘಾಟ್ ಹತ್ತಿ ಸಾಸವಡಕ್ಕೆ, ಇನ್ನೊಂದು ಲೋಣಿ ಕಾಳಭೋರಕ್ಕೆ. ಜೊತೆಗೆ ನಡೆಯುವ ವಾರಕರಿ ಭಕ್ತರು ಎದುರಾದವರನ್ನೆಲ್ಲ 'ಮಾವುಲಿ', ತಾಯಿ, ಎನ್ನುತ್ತಾರೆ. ಆ ದಿನ ಈ ಅಕ್ಕ ರಸ್ತೆಬದಿ ನೀರು ಕೊಡುತ್ತಾಳಂತೆ. "ನನಗೂ ಮಾವುಲಿ ಅಂತಾರ್ರಿ" ಎನ್ನುವಾಗ ಸೆರಗು ಸರಿಮಾಡಿಕೊಂಡಳು.

ಮತ್ತೆ ಆ ಟೆಂಪೋ ಬೆಳಗಿನ ಪ್ರಶ್ನೆಗೆ ಬಂದರೆ, ಅಮೆರಿಕದ ಮನಶ್ಶಾಸ್ತ್ರಜ್ಞೆ ನೈಲಾ ಬ್ರಾನ್ಸ್‌ಕಂಬ್ ಮತ್ತು ಸಂಗಡಿಗರು 1999ರಲ್ಲಿ ಆಫ್ರಿಕನ್ ಅಮೆರಿಕನ್ನರ ಬಗ್ಗೆ ಬರೆದರು: ತಾರತಮ್ಯದ ಅನಿಸಿಕೆ ಮನಸ್ಸನ್ನು ಕುಗ್ಗಿಸುತ್ತದೆ, ಆದರೆ ತಮ್ಮವರೊಡನೆ ಗಟ್ಟಿಯಾಗುವ ನಂಟು ಆ ಪೆಟ್ಟನ್ನು ಕೊಂಚ ತಾಳಿಕೊಳ್ಳುತ್ತದೆ. ನಮ್ಮ ಕೂಲಿಕಾರರು ತಂಗುವ ಪತ್ರಾ ಶೆಡ್ಡುಗಳ ಸಾಲಿನಲ್ಲಿ ಊರವರೇ ಉದ್ರಿ ಕೊಡುವುದು, ಕೂಸು ನೋಡಿಕೊಳ್ಳುವುದು ಕಂಡರೆ ಇದು ನಿಜ. ಆದರೂ ನನಗೆ ಅರ್ಧ ಸಮಾಧಾನ. ಆ ಸಾಲು ಬಿಟ್ಟು ಆಚೆ ಕಾಲಿಡಲು, ಕಚೇರಿಯ ಕಿಟಕಿಯಲ್ಲಿ ಬಾಯಿ ಬಿಡಲು ಆ ಅಕ್ಕ ಹಿಂಜರಿಯುವುದನ್ನೂ ಕಂಡಿದ್ದೇನೆ.

ಇದೇ ಹಡಪಸರದ ರೈತರ ಕಥೆ ಬೇರೆ: ಮಗರ್ ಮನೆತನದ ಮುಂದಾಳತ್ವದಲ್ಲಿ ಅವರು ಸುಮಾರು 400 ಎಕರೆ ಒಟ್ಟುಗೂಡಿಸಿ ಮಗರಪಟ್ಟಾ ಸಿಟಿ ಎಬ್ಬಿಸಿ, ತಾವೇ ಅದರ ಪಾಲುದಾರರಾದರು. ಮೆಚ್ಚಬೇಕಾದ ಸಾಹಸ. ಹೊಲ ಬಿಟ್ಟು ಬಂದ ನಮ್ಮ ರೈತರಿಗೆ ಈ ಊರಲ್ಲಿ ಸಿಕ್ಕಿದ್ದು ದಿನಗೂಲಿ.

ಕಟ್ಟಡ ಕಾರ್ಮಿಕರ ಕಾನೂನಿನಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ದುಡಿದದ್ದಕ್ಕೆ ಒಂದು ಕಾಗದ ಬೇಕು. ಮೂರು ವರ್ಷದಿಂದ ದುಡಿಯುತ್ತಿರುವ ಅಕ್ಕ ಮುಕಾದಮನನ್ನು ಆ ಕಾಗದ ಕೇಳಿಯೇ ಇಲ್ಲ.

"ಮರಾಠಿಯವರು ಕೇಳಿದ್ರ ಕೊಟ್ಟಾರು. ನಾ ಕೇಳಿದ್ರ ನಾಳಿಂದ ಟೆಂಪೋನs ಹತ್ತಿಸಂಗಿಲ್ರಿ."