ಹೊಡೆಯುವ ಕೈ ಏನು ಕೇಳುತ್ತಿದೆ?

ಬೌದ್ಧಿಕ ಅಂಗವೈಕಲ್ಯವಿದ್ದ ಇಬ್ಬರು ಹುಡುಗರು. ಪಾಠ ಹೇಳಲು ಕೂತವರ ಮೇಲೆಯೇ ಕೈ ಎತ್ತುತ್ತಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಕಾರ್ ಮತ್ತು ಸಂಗಡಿಗರು ಸ್ವಲ್ಪ ಹೊತ್ತು ಕೆಲಸ ಹೇಳಿ ನೋಡಿದರು, ಸ್ವಲ್ಪ ಹೊತ್ತು ಏನೂ ಹೇಳದೆ ನೋಡಿದರು. ಕೆಲಸ ಹೇಳಿದಾಗ ಏಟಿನ ಮೇಲೆ ಏಟು. ಹೇಳದಿದ್ದಾಗ ಹೆಚ್ಚುಕಡಿಮೆ ಒಂದೂ ಇಲ್ಲ. ಪಾಠ ಮುಗಿಯಿತೆಂಬ ಸೂಚನೆ ಸಿಕ್ಕೊಡನೆ ಹೊಡೆತ ತಟ್ಟನೆ ನಿಂತಂತಾಯಿತು. 1980ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ: ಆ ಹುಡುಗರಿಗೆ ‘ಸಾಕು’ ಎನ್ನಲು ಬೇರೆ ದಾರಿಯೇ ಇರಲಿಲ್ಲ.

ಅದಕ್ಕೂ ಹಿಂದಿನ ಕಥೆ ಕಠೋರವಾದದ್ದು. ದೊಡ್ಡ ದೊಡ್ಡ ಆಶ್ರಯಗೃಹಗಳಲ್ಲಿ ಕೂಡಿಹಾಕುವುದು, ಕೈಕಾಲು ಕಟ್ಟುವುದು. 1950ರ ದಶಕದಿಂದ ಕ್ಲೋರ್‌ಪ್ರೊಮಜಿನ್‌ನಂಥ ಮನೋರೋಗದ ಮಾತ್ರೆಗಳು. 1960ರ ದಶಕದಲ್ಲಿ ವರ್ತನಾ ಚಿಕಿತ್ಸೆ ಬಂದಾಗ ಬಹುಮಾನದ ಜೊತೆಗೆ ಶಿಕ್ಷೆಯೂ ಬಂತು. ಕೆಲವೆಡೆ ಮಕ್ಕಳಿಗೆ ವಿದ್ಯುತ್ ಶಾಕ್ ಕೂಡ ಕೊಟ್ಟರು. ನಿಲ್ಲಿಸುವುದು ಹೇಗೆ ಎಂದು ಎಲ್ಲರೂ ಕೇಳಿದರು. ಯಾಕೆ ಎಂದು ಕೇಳಿದವರು ಕಡಿಮೆ.

ಆ ‘ಯಾಕೆ’ಯನ್ನು ಅಳೆಯುವ ವಿಧಾನ ಸಿಕ್ಕಿದ್ದು 1982ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಮನಶ್ಶಾಸ್ತ್ರಜ್ಞ ಬ್ರಯಾನ್ ಇವಾಟಾ ಮತ್ತು ತಂಡ ತಮ್ಮನ್ನು ತಾವೇ ಗಾಯಮಾಡಿಕೊಳ್ಳುತ್ತಿದ್ದ ಒಂಬತ್ತು ಮಂದಿಯನ್ನು ನಾಲ್ಕು ಬಗೆಯ ಸನ್ನಿವೇಶದಲ್ಲಿ ಗಮನಿಸಿತು: ಗಾಯಮಾಡಿಕೊಂಡಾಗ ಮಾತ್ರ ಯಾರಾದರೂ ಕಾಳಜಿಯಿಂದ ಮಾತಾಡಿಸುವುದು, ಕೆಲಸ ಹೇಳುವುದು, ಒಬ್ಬರನ್ನೇ ಬಿಡುವುದು, ಜೊತೆಗೆ ಆಡುವುದು. ಒಂದೇ ವರ್ತನೆಗೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣ ಕಂಡಿತು. ಇತರರ ಮೇಲೆ ಕೈ ಮಾಡುವವರ ವಿಷಯದಲ್ಲೂ ಮುಂದೆ ಈ ವಿಧಾನವೇ ಬಳಕೆಗೆ ಬಂತು.

1985ರಲ್ಲಿ ಕಾರ್ ಮತ್ತು ಮಾರ್ಕ್ ಡುರಾಂಡ್ ಇಟ್ಟ ಹೆಜ್ಜೆ ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲೇ ದೊಡ್ಡದು. ಅವರು ರಂಪ ಮಾಡುತ್ತಿದ್ದ ನಾಲ್ಕು ಮಕ್ಕಳಿಗೆ ಮಾತು ಕಲಿಸಿದರು. ಗಮನ ಬೇಕಾದ ಮಗುವಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳುವುದನ್ನು, ಪಾಠ ಕಷ್ಟವಾದ ಮಗುವಿಗೆ ‘ನನಗೆ ಗೊತ್ತಾಗ್ತಿಲ್ಲ’ ಎನ್ನುವುದನ್ನು. ರಂಪ ಇಳಿಯಿತು. ಆದರೆ ಕಾರಣಕ್ಕೆ ಹೊಂದದ ಮಾತನ್ನು ಕಲಿಸಿದಾಗ ಇಳಿಯಲಿಲ್ಲ! ಬಾಯಾರಿದವನಿಗೆ ಅನ್ನ ಬಡಿಸಿದರೆ ಏನಾದೀತು? ಮಾತು ಬಾರದವರಿಗೆ ಚಿತ್ರದ ಕಾರ್ಡು, ಕೈಸನ್ನೆಗಳನ್ನು ಇದೇ ತತ್ತ್ವದ ಮೇಲೆ ಇಂದು ಕಲಿಸುತ್ತಾರೆ.

ಮಾತಾಡಬಲ್ಲ ವಯಸ್ಕರಿಗೆ ಇನ್ನೊಂದು ದಾರಿ ತೆರೆಯಿತು. ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ 1970ರ ದಶಕದಲ್ಲಿ ರೂಪಿಸಿದ ಕೋಪ ನಿಯಂತ್ರಣ ತರಬೇತಿಯನ್ನು ಸರಳಗೊಳಿಸಿ ಬೌದ್ಧಿಕ ಅಂಗವೈಕಲ್ಯವಿರುವವರಿಗೂ ಹೇಳಿಕೊಟ್ಟರು: ಸಿಟ್ಟು ಏರುವುದನ್ನು ಮೈಯಲ್ಲೇ ಗುರುತಿಸುವುದು, ಉಸಿರು ನಿಧಾನಿಸುವುದು, ಅಲ್ಲಿಂದ ಎದ್ದು ಹೋಗುವುದು.

ಮಾತ್ರೆಯ ವಿಷಯದಲ್ಲಿ ಕಣ್ಣು ತೆರೆಸಿದ್ದು 2008ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮನೋವೈದ್ಯ ಪೀಟರ್ ಟೈರರ್ ತಂಡದ ಅಧ್ಯಯನ. ಆಕ್ರಮಣಕಾರಿ ವರ್ತನೆಯಿದ್ದ 86 ಮಂದಿಯಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹ್ಯಾಲೊಪೆರಿಡಾಲ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ. ನಾಲ್ಕು ವಾರದಲ್ಲಿ ಮೂರೂ ಗುಂಪುಗಳಲ್ಲಿ ಸಿಟ್ಟು ತಗ್ಗಿತು; ಎಲ್ಲಕ್ಕಿಂತ ಹೆಚ್ಚು ತಗ್ಗಿದ್ದು ಹುಸಿ ಮಾತ್ರೆಯವರಲ್ಲಿ. ಮಾತ್ರೆಯೇ ಮೊದಲ ಮದ್ದು ಎಂಬ ರೂಢಿಗೆ ಇದು ಬಲವಾದ ಪೆಟ್ಟು.

ನಮ್ಮಲ್ಲಿ ಸಿಕಂದರಾಬಾದಿನ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯಿಂದ 1992ರಲ್ಲಿ ರೀತಾ ಪೇಷಾವರಿಯಾ ಮತ್ತು ಎಸ್. ವೆಂಕಟೇಶನ್ ಭಾರತದ ಮಕ್ಕಳಿಗೆಂದೇ ವರ್ತನಾ ಮಾಪನವನ್ನು ಸಿದ್ಧಪಡಿಸಿದರು. ಅದರ ಎರಡನೇ ಭಾಗ ಪೂರ್ತಿ ಸಮಸ್ಯೆಯ ವರ್ತನೆಗಳಿಗೇ ಮೀಸಲು. ಒಟ್ಟು 75 ಅಂಶಗಳು. ವೆಂಕಟೇಶನ್ ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಹೀಗೆ ಕೈ ಎತ್ತುವ ಮಗುವಿರುವ ಮನೆಯವರಲ್ಲಿ, ವಿಶೇಷ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಕೈ ಎದ್ದಾಗ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ನೋಡಿ. ನೋವನ್ನು ಹೇಳಲಾರದ ಮಗು ಹೊಡೆಯಬಹುದು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಅದಕ್ಕೆ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಕೂಡಲೆ ನೀವೇನು ಮಾಡಿದಿರಿ. ಈಗ ನುಂಗುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎರಡು ವಾರ ಬರೆದ ಆ ನೋಟ್‌ಬುಕ್ಕನ್ನು ವೈದ್ಯರ ಮೇಜಿನ ಮೇಲಿಟ್ಟು, ಮನಶ್ಶಾಸ್ತ್ರಜ್ಞರಿಗೂ ಒಮ್ಮೆ ತೋರಿಸಬೇಕೆಂದು ಕೇಳಿ.